ಕುರ್ಚಿ ಹೆಣ್ಣೇಕೆ, ಮೇಡಂ?

ಪ್ರಶ್ನೆ: ಈ ವರ್ಷ ಪದವಿ ಕಾಲೇಜೊಂದರಲ್ಲಿ ಫ್ರೆಂಚ್ ಉಪನ್ಯಾಸಕಿಯಾಗಿ ಸೇರಿದ್ದೇನೆ. ತರಗತಿಯಲ್ಲಿ 60 ಮಂದಿ, ಹೆಚ್ಚಿನವರು ಅಂಕ ಸುಲಭವೆಂದು ಬಂದವರು. ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತೇನೆ. ಬರೆದುಕೊಳ್ಳುತ್ತಾರೆ, ಬಾಯಿ ಬಿಡುವುದಿಲ್ಲ. ಒಬ್ಬ ಮಾತ್ರ ‘ಕುರ್ಚಿ ಹೆಣ್ಣೇಕೆ, ಮೇಡಂ?’ ಎಂದು ಕೇಳಿ ಎಲ್ಲರನ್ನೂ ನಗಿಸಿದ. ಏನು ಮಾಡಲಿ?
– ಹೊಸ ಉಪನ್ಯಾಸಕಿ, ಬೆಂಗಳೂರು

ಉತ್ತರ: ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕೊಡಿಸಿ. ಮೂವತ್ತು ವರ್ಷದ ನನ್ನ ಪಾಠದಲ್ಲಿ ಹೀಗೆ ಕೇಳಿದವರು ಕೆಲವರೇ. ಉಳಿದವರು ಕುರ್ಚಿಗೆ ‘ಲಾ ಶೇಜ್’ ಎಂದು ಉರು ಹೊಡೆದು ಪಾಸಾದರು. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ, ಫ್ರೆಂಚಿನಲ್ಲಿ ಪದಕ್ಕೆ ಅಂಟಿಕೊಂಡೇ ಇರುತ್ತದೆ. ಕುರ್ಚಿ ಹೆಣ್ಣು, ಅದಕ್ಕೇ ಕೈಗಳು ಬಂದು ‘ಫೋತಯ್’ ಆದರೆ ಗಂಡು! ತರಗತಿಯಲ್ಲಿ ಹಿಂದಿ ಮನೆಮಾತಿನ ಹುಡುಗಿಯಿದ್ದರೆ ಕೇಳಿ ನೋಡಿ, ಅವಳ ‘ಕುರ್ಸಿ’ಯೂ ಹೆಣ್ಣೇ.

ನಿಮ್ಮ ಕಾಲಿಗೆ ತೊಡರುತ್ತಿರುವುದು ಇಂಗ್ಲಿಷ್. ‘ತು’, ‘ವೂ’ ಎರಡಕ್ಕೂ ಅದರಲ್ಲಿ ಒಂದೇ ‘ಯು’. ಮೊದಲ ವರ್ಷ ನಾನೂ ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಅರ್ಧ ಗಂಟೆ ಸೀಮೆಸುಣ್ಣ ಸವೆಸಿದೆ. ‘ನೀನು’, ‘ನೀವು’ ಎಂದಿದ್ದರೆ ಮುಗಿಯುತ್ತಿತ್ತು. ‘ತುತ್ವಾಯೆ’ ಎಂಬ ಕ್ರಿಯಾಪದವಂತೂ ನಮ್ಮ ‘ಏಕವಚನದಲ್ಲಿ ಮಾತಾಡಿಸುವುದು’. ಬೀದಿ ಜಗಳ ಕಂಡ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು. ‘ಇಲ್ ಆ’ (ಅವನ ಬಳಿ ಇದೆ) ಎಂಬುದನ್ನು ತಿರುಗಿಸಿ ಪ್ರಶ್ನೆ ಮಾಡಿದರೆ ಎರಡು ಸ್ವರಗಳು ಡಿಕ್ಕಿ ಹೊಡೆಯುತ್ತವೆ. ನಡುವೆ ‘ತ್’ ಬಂದು ‘ಆತಿಲ್’ ಆಗುತ್ತದೆ. ಬೋರ್ಡಿನ ಮೇಲೆ ಅದರ ಪಕ್ಕದಲ್ಲೇ ‘ಮನೆ + ಅನ್ನು = ಮನೆಯನ್ನು’ ಎಂದು ಬರೆದು ಸುಮ್ಮನೆ ನಿಲ್ಲಿ. ಹಿಂದಿನ ಬೆಂಚಿನಿಂದ ‘ಆಗಮ ಸಂಧಿ!’ ಎಂಬ ಕೂಗು ಬಾರದಿದ್ದರೆ ನನಗೆ ಮತ್ತೆ ಪತ್ರ ಬರೆಯಿರಿ. ಪೆನ್ನು ಮುಟ್ಟದ ಹತ್ತು ನಿಮಿಷವನ್ನು ದಿನವೂ ಇಡಿ, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ತಪ್ಪು ಮಾತಾಡಲಿ, ತಿದ್ದಲು ಆತುರ ಬೇಡ.

ಪ್ರಶ್ನೆ: ಪದವಿಯಲ್ಲಿ ಫ್ರೆಂಚಿಗೆ ಒಳ್ಳೆಯ ಅಂಕ ಬಂದಿದೆ. ಫ್ರಾನ್ಸಿನಲ್ಲಿ ಫ್ರೆಂಚ್ ಮಾಧ್ಯಮದಲ್ಲೇ ಸ್ನಾತಕೋತ್ತರ ಪದವಿ ಓದಲು ಅಷ್ಟು ಸಾಕೇ?
– ಓದುಗ, ದಾವಣಗೆರೆ

ಉತ್ತರ: ಸಾಲದು. ಸಾಮಾನ್ಯವಾಗಿ ಬಿ2 ಮಟ್ಟ (ಎ1ರಿಂದ ಸಿ2ರವರೆಗಿನ ಆರು ಭಾಷಾ ಮಟ್ಟಗಳಲ್ಲಿ ನಾಲ್ಕನೆಯದು) ಕೇಳುತ್ತಾರೆ. ಅದನ್ನು ತೋರಿಸುವ ‘ಡೆಲ್ಫ್’ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ತಲಾ 25 ಅಂಕ. ಒಟ್ಟು 50 ದಾಟಿದರೂ ಯಾವುದಾದರೂ ಒಂದರಲ್ಲಿ 5ಕ್ಕಿಂತ ಕಡಿಮೆಯಾದರೆ ಫೇಲು. ಬಿ2ರ ಮೌಖಿಕದಲ್ಲಿ ನಿಮ್ಮ ಅಭಿಪ್ರಾಯವನ್ನು ಮಂಡಿಸಿ, ಪರೀಕ್ಷಕರೆದುರು ವಾದಿಸಿ ಉಳಿಸಿಕೊಳ್ಳಬೇಕು. ಜಗಳಗಂಟ ಗೆಳೆಯನೊಬ್ಬನನ್ನು ಹುಡುಕಿಕೊಂಡು ಇಂದಿನಿಂದಲೇ ಫ್ರೆಂಚಿನಲ್ಲಿ ಜಗಳ ಶುರು ಮಾಡಿ.