ಕರಾಟೆ ಮಾಡುತ್ತಾ ಮಾಡುತ್ತಾ ಜ್ಞಾನೋದಯ ಆಗುತ್ತದೆಯೇ?

ನೀವು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಚೀನಾದ ಶಾವೊಲಿನ್ ವಿಹಾರದ ಸನ್ಯಾಸಿಗಳಿಗೆ ಕುಂಗ್ ಫು ಕಲಿಸಿದ್ದು ಬೋಧಿಧರ್ಮ ಎಂಬ ಬೌದ್ಧ ಭಿಕ್ಷುವೇ ಹೌದಾ? ಹೊಡೆದಾಟದ ಕಲೆಗೂ ಬುದ್ಧನ ಅಹಿಂಸೆಗೂ ಹೇಗೆ ತಾಳೆಯಾಗುತ್ತದೆ? ಧ್ಯಾನಕ್ಕೆ ಕೂರದೆ ಬರೀ ಕರಾಟೆಯಿಂದಲೇ ಜ್ಞಾನೋದಯ ಪಡೆಯಬಹುದಾ? ನಾನು ಬಹಳ ಕಾಲದಿಂದ ಕರಾಟೆ ಮಾಡುತ್ತಿದ್ದೇನೆ, ಧ್ಯಾನಕ್ಕೂ ಕೂರುತ್ತೇನೆ. ಎರಡರಲ್ಲೂ ಗುರು ಅನ್ನಿಸಿಕೊಂಡವನಲ್ಲ. ಆದರೆ ಇದನ್ನೇ ತಲೆಗೆ ಹಚ್ಚಿಕೊಂಡು ಓದಿದ್ದು ಜಾಸ್ತಿ, ಹಾಗಾಗಿ ಉತ್ತರ ಉದ್ದ ಇದೆ.

ಬೋಧಿಧರ್ಮನ ವಿಷಯ ಮೊದಲು ಮುಗಿಸೋಣ. ಕತೆ ನಿಮಗೆ ಗೊತ್ತೇ ಇದೆ. ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದ, ಗೋಡೆಗೆ ಮುಖ ಮಾಡಿ ಒಂಬತ್ತು ವರ್ಷ ಕೂತ, ಧ್ಯಾನದಲ್ಲಿ ತೂಕಡಿಸುತ್ತಿದ್ದ ಸನ್ಯಾಸಿಗಳನ್ನು ನೋಡಿ ಒಂದಿಷ್ಟು ಕಸರತ್ತು ಹೇಳಿಕೊಟ್ಟ, ಅದೇ ಬೆಳೆದು ಕುಂಗ್ ಫು ಆಯಿತು. ಕೇಳೋಕೆ ಚೆನ್ನಾಗಿದೆ. ಹಳೆಯ ದಾಖಲೆಗಳಲ್ಲಿ ಮಾತ್ರ ಇದು ಸಿಗುವುದಿಲ್ಲ. ಅವನ ಹೆಸರು ಮೊದಲು ಕಾಣುವುದು ಕ್ರಿ.ಶ. 547ರ ಸುಮಾರಿಗೆ ಲುವೊಯಾಂಗ್ ನಗರದ ವಿಹಾರಗಳ ಬಗ್ಗೆ ಬರೆದ ಒಂದು ಪುಸ್ತಕದಲ್ಲಿ. ಅಲ್ಲಿ ಅವನು ಪರ್ಷಿಯಾ ಕಡೆಯಿಂದ ಬಂದ ಮುದುಕ ಸನ್ಯಾಸಿ. ಒಂದು ದೊಡ್ಡ ಸ್ತೂಪದ ಅಂದ ನೋಡಿ ಬೆರಗಾಗಿ ಕೈಮುಗಿದು ನಿಂತ, ಅಷ್ಟೇ. ಅವನನ್ನು ದಕ್ಷಿಣ ಭಾರತದವನು ಅಂದದ್ದು ಬೇರೆ ಬರಹಗಳು. ಅವುಗಳಲ್ಲೂ ಧ್ಯಾನದ ಮಾತಿದೆ, ಹೊಡೆದಾಟದ ಸುದ್ದಿಯೇ ಇಲ್ಲ. ಶಾವೊಲಿನ್ ವಿಹಾರ ಹುಟ್ಟಿದ್ದು 495ರ ಹೊತ್ತಿಗೆ. ಉತ್ತರ ವೇಯ್ ವಂಶದ ದೊರೆ ಅದನ್ನು ಕಟ್ಟಿಸಿದ್ದು ಬಾತುವೊ ಎಂಬ ಬೇರೊಬ್ಬ ಭಾರತೀಯ ಭಿಕ್ಷುವಿಗಾಗಿ.

ಹಾಗಾದರೆ ಕಸರತ್ತಿನ ಕತೆ ಎಲ್ಲಿಂದ ಬಂತು? ಯಿ ಜಿನ್ ಜಿಂಗ್ ಎಂಬ ವ್ಯಾಯಾಮದ ಪುಸ್ತಕ ಇದೆ. ಅದನ್ನು ಬೋಧಿಧರ್ಮನೇ ಬಿಟ್ಟುಹೋದ ಅಂತ ಅದರ ಮುನ್ನುಡಿ ಹೇಳಿಕೊಳ್ಳುತ್ತದೆ. ಆದರೆ ಪುಸ್ತಕ 17ನೇ ಶತಮಾನದ್ದು. ಬೋಧಿಧರ್ಮ ಸತ್ತು ಸಾವಿರ ವರ್ಷ ಆದಮೇಲಿನದು. ಒಳಗಿರುವ ವಿಷಯದಲ್ಲೂ ಚೀನಾದ್ದೇ ಆದ ತಾವೋ ಪಂಥದ ಉಸಿರಾಟದ ಅಭ್ಯಾಸ ಸಾಕಷ್ಟಿದೆ. ಟಾಂಗ್ ಹಾವ್ ಎಂಬ ಚೀನೀ ಇತಿಹಾಸಕಾರ 1930ರ ಸುಮಾರಿಗೇ ಇದೆಲ್ಲ ದಂತಕತೆ ಅಂತ ಬರೆದ. ಆದರೂ ಇವತ್ತಿಗೂ ಎಷ್ಟೋ ತರಬೇತಿ ಶಾಲೆಗಳ ಗೋಡೆಯ ಮೇಲೆ ಬೋಧಿಧರ್ಮ ಕಣ್ಣು ಅಗಲಿಸಿಕೊಂಡು ಕೂತಿದ್ದಾನೆ. ಇರಲಿ ಬಿಡಿ, ಚಿತ್ರ ಚೆನ್ನಾಗಿರುತ್ತದೆ.

ಸನ್ಯಾಸಿಗಳು ಹೊಡೆದಾಡಿದ್ದು ಮಾತ್ರ ಸುಳ್ಳಲ್ಲ. ಶಾವೊಲಿನ್‌ನಲ್ಲೇ 728ರ ಒಂದು ಶಿಲಾಶಾಸನ ಇದೆ. ವಿಹಾರಕ್ಕೆ ಸೇರಿದ ಒಂದು ಕಣಿವೆಯನ್ನು ವಾಂಗ್ ಶಿಚೋಂಗ್ ಎಂಬ ಸೇನಾನಾಯಕ ಹಿಡಿದುಕೊಂಡಿದ್ದ. 621ರಲ್ಲಿ ಸನ್ಯಾಸಿಗಳು ಅವನ ಪಡೆಯ ಮೇಲೆ ಬಿದ್ದು ಅವನ ಅಣ್ಣತಮ್ಮಂದಿರ ಮಗನನ್ನೇ ಸೆರೆಹಿಡಿದರು. ಹಿಡಿದು ಒಪ್ಪಿಸಿದ್ದು ಲಿ ಶಿಮಿನ್‌ಗೆ. ಅವನು ಮುಂದೆ ಟಾಂಗ್ ವಂಶದ ಚಕ್ರವರ್ತಿಯಾದ. ಹೆಚ್ಚು ದುಡಿದ 13 ಸನ್ಯಾಸಿಗಳ ಹೆಸರೂ ದಾಖಲಾಗಿದೆ. ಬಹುಮಾನ ಏನು ಗೊತ್ತಾ? ಜಮೀನು, ಜೊತೆಗೆ ನೀರಿನಿಂದ ತಿರುಗುವ ಒಂದು ಹಿಟ್ಟಿನ ಗಿರಣಿ. ಅಂದರೆ ಇದು ಆಸ್ತಿ ಉಳಿಸಿಕೊಳ್ಳುವ ಜಗಳ, ನಿರ್ವಾಣದ ಹಾದಿ ಅಲ್ಲ. ವಿಹಾರಕ್ಕೆ ಹೊಲ ಇತ್ತು, ದವಸ ಇತ್ತು, ಸುತ್ತ ದರೋಡೆಕೋರರಿದ್ದರು. ದೊಣ್ಣೆ ಹಿಡಿಯಬೇಕಾಯಿತು. 1553ರಲ್ಲಿ ಮಿಂಗ್ ಸರ್ಕಾರ ಕರಾವಳಿಯ ಕಡಲ್ಗಳ್ಳರ ವಿರುದ್ಧ ಸನ್ಯಾಸಿಗಳನ್ನು ಕಳಿಸಿದಾಗಲೂ ಅವರು ಹೆಸರಾಗಿದ್ದು ದೊಣ್ಣೆ ವರಸೆಗೇ. ಬರಿಗೈ ಕಾಳಗ, ಉಸಿರಾಟ, ಆತ್ಮಸಾಧನೆ ಎಲ್ಲ ಒಂದೇ ಹಗ್ಗವಾಗಿ ಹೊಸೆದುಕೊಂಡದ್ದು ಹೆಚ್ಚುಕಡಿಮೆ 16-17ನೇ ಶತಮಾನದಲ್ಲಿ.

ಈಗ ಅಹಿಂಸೆ. ಇಲ್ಲಿ ಬುದ್ಧ ನಮಗೆ ಅನುಕೂಲವಾಗುವಂತೆ ಏನೂ ಹೇಳಿಲ್ಲ. ಪಾಲಿ ಭಾಷೆಯ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಯೋಧಾಜೀವ ಎಂಬ ಸೈನಿಕ ಬಂದು ಕೇಳುತ್ತಾನೆ: ಯುದ್ಧದಲ್ಲಿ ಸತ್ತವನು ಸ್ವರ್ಗಕ್ಕೆ ಹೋಗುತ್ತಾನೆ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ನೀವೇನಂತೀರಿ? ಬುದ್ಧ ಎರಡು ಸಲ, ಅದು ಬೇಡ, ಕೇಳಬೇಡ ಅನ್ನುತ್ತಾನೆ. ಮೂರನೇ ಸಲ ಕೇಳಿದಾಗ, ಎದುರಿನವರು ಸಾಯಲಿ ಎಂಬ ಮನಸ್ಸಿನಲ್ಲೇ ಪ್ರಾಣ ಬಿಟ್ಟವನು ನರಕಕ್ಕೆ ಹೋಗುತ್ತಾನೆ ಅಂತ ಹೇಳಿಬಿಡುತ್ತಾನೆ. ಸೈನಿಕ ಅತ್ತೇಬಿಡುತ್ತಾನೆ. ಇಷ್ಟು ಕಾಲ ಹಿರಿಯರು ನನಗೆ ಮೋಸ ಮಾಡಿದರಲ್ಲ ಅಂತ. ಭಿಕ್ಷುಗಳ ನಿಯಮವೂ ಹಾಗೇ ಬಿಗಿ. ಸಿಟ್ಟಿನಲ್ಲಿ ಇನ್ನೊಬ್ಬ ಭಿಕ್ಷುವಿಗೆ ಹೊಡೆಯುವುದು ತಪ್ಪು, ಹೊಡೆಯಲು ಕೈ ಎತ್ತುವುದೂ ತಪ್ಪು. ಗೃಹಸ್ಥರಿಗೆ ಆಯುಧ ಮಾರುವ ಕಸುಬು ಬೇಡ ಅಂದಿದ್ದಾನೆ. ಇದನ್ನೆಲ್ಲ ಓದಿದ ಮೇಲೆ, 'ಬುದ್ಧನ ದಾರಿಯೇ ಯೋಧನ ದಾರಿ' ಅನ್ನುವವರ ಮಾತು ನನಗೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ಆದರೆ ಈ ಸುತ್ತದಲ್ಲೇ ಒಂದು ಎಳೆ ಇದೆ. ಬುದ್ಧ ಬೊಟ್ಟು ಮಾಡುವುದು ಆ ಕ್ಷಣದ ಮನಸ್ಸಿನ ಕಡೆಗೆ. ಕೈ ಏನು ಮಾಡಿತು ಎಂಬುದರ ಜೊತೆಗೆ ಮನಸ್ಸು ಏನು ಬಯಸಿತು ಎಂಬುದು ಅವನಿಗೆ ಮುಖ್ಯ. ಅಭ್ಯಾಸದ ಜಾಗದಲ್ಲಿ ನಾವು ಕೊಲ್ಲಲು ಹೋಗುವುದಿಲ್ಲ. ಎದುರಿಗಿರುವುದು ಗೆಳೆಯ. ಆದರೂ ಒಂದು ಗುದ್ದು ಬಿದ್ದರೆ ಸಾಕು, ಅದೇ ಮನಸ್ಸು ಹೆಡೆ ಎತ್ತುತ್ತದೆ. ನನ್ನ ಮಟ್ಟಿಗೆ ಬೌದ್ಧ ಅಭ್ಯಾಸಕ್ಕೂ ಕರಾಟೆಗೂ ನಿಜವಾದ ನಂಟು ಇರುವುದು ಇಲ್ಲಿಯೇ.

ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ಅಭ್ಯಾಸದ ಕಾಳಗ ಮಾಡುವಾಗ ಮೂಗಿಗೆ ಒಂದು ಏಟು ತಗುಲುತ್ತದೆ ಅಂದುಕೊಳ್ಳಿ. ಜೋರೇನಲ್ಲ. ಕಣ್ಣಲ್ಲಿ ನೀರು ತುಂಬುತ್ತದೆ. ಇದು ಸ್ಪರ್ಶ, ಅದರ ಬೆನ್ನಿಗೇ ವೇದನೆ. ಇಲ್ಲಿಯವರೆಗೆ ಯಾರೂ ತಪ್ಪು ಮಾಡಿಲ್ಲ. ಆಮೇಲೆ ನೋಡಿ. ಕತ್ತಿನ ಹಿಂದೆ ಬಿಸಿ ಏರುತ್ತದೆ. ಹಲ್ಲು ಕಚ್ಚಿಕೊಳ್ಳುತ್ತದೆ. ಉಸಿರು ಎದೆಯಲ್ಲೇ ನಿಂತುಬಿಡುತ್ತದೆ, ಭುಜ ಕಿವಿಯ ಹತ್ತಿರ ಬರುತ್ತದೆ. ಅಷ್ಟರಲ್ಲಿ ಕಣ್ಣು ಅವನ ಪಕ್ಕೆಲುಬನ್ನು ಹುಡುಕಿಯಾಗಿದೆ. ತಲೆಯಲ್ಲಿ ಒಂದು ಕತೆಯೂ ತಯಾರು: 'ಬೇಕಂತಲೇ ಹೊಡೆದ, ಹೋದ ವಾರವೂ ಹೀಗೇ ಮಾಡಿದ್ದ.' ಸ್ಪರ್ಶ, ವೇದನೆ (ಹಿತ ಅಥವಾ ನೋವಿನ ಅನುಭವ), ತೃಷ್ಣೆ (ಹಂಬಲ), ಉಪಾದಾನ (ಅಂಟಿಕೊಳ್ಳುವುದು) ಅಂತ ಬುದ್ಧ ಹೇಳಿದ ಸರಪಳಿ ಇದೇ. ನೋವನ್ನು ತಳ್ಳಿಹಾಕುವ ಹಂಬಲವೂ ತೃಷ್ಣೆಯೇ. ಧ್ಯಾನಕ್ಕೆ ಕೂತಾಗ ಮಂಡಿ ನೋವಿನಲ್ಲಿ ಇದೇ ಸರಪಳಿ ಅರ್ಧ ಗಂಟೆಯಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಸ್ಪಾರಿಂಗ್‌ನಲ್ಲಿ ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ. ಕೂತು ಅಭ್ಯಾಸ ಇಲ್ಲದವರಿಗೆ ಅದು ಕಾಣುವುದೇ ಇಲ್ಲ, ಸುಮ್ನೆ 'ಸಿಟ್ಟು ಬಂತು' ಅನ್ನುತ್ತಾರೆ. ಕೂತು ರೂಢಿಯಾದವರಿಗೆ ಬಿಸಿ ಏರಿದ್ದು ಗೊತ್ತಾಗುತ್ತದೆ, ಕತೆ ಶುರುವಾಗುವ ಮೊದಲೇ ಒಮ್ಮೊಮ್ಮೆ ಗೊತ್ತಾಗುತ್ತದೆ. ನಾನು ಮಾಡುವುದು ಇಷ್ಟೇ: ಏಟು ಬಿದ್ದ ಕೂಡಲೇ ಉಸಿರು ಹೊರಗೆ ಬಿಡುವುದು, ಕಾಲು ನಿಲ್ಲಿಸದೆ ಇರುವುದು, ಆ ಒಂದು ಉಸಿರು ಮುಗಿಯುವವರೆಗೆ ತಿರುಗಿ ಹೊಡೆಯದೆ ಇರುವುದು. ಆಟಕ್ಕೂ ಇದು ಒಳ್ಳೆಯದು, ಸಿಟ್ಟಿನಲ್ಲಿ ಹೊಡೆದ ಗುದ್ದು ದೂರದಿಂದಲೇ ಕಾಣುತ್ತದೆ.

ಇದನ್ನು ನನಗಿಂತ ನೂರು ಪಾಲು ಚೆನ್ನಾಗಿ ಹೇಳಿದವನು ಜಪಾನಿನ ತಕುವಾನ್ ಸೋಹೊ. 1573ರಿಂದ 1645ರವರೆಗೆ ಬದುಕಿದ್ದ ಝೆನ್ ಗುರು. ಝೆನ್ ಅಂದರೆ ಧ್ಯಾನಕ್ಕೇ ಒತ್ತು ಕೊಡುವ ಬೌದ್ಧ ಪಂಥ. ಸರ್ಕಾರವನ್ನು ಎದುರುಹಾಕಿಕೊಂಡು 1629ರಲ್ಲಿ ಗಡೀಪಾರೂ ಆಗಿದ್ದ. ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ಗೆ ಕತ್ತಿವರಸೆ ಕಲಿಸುತ್ತಿದ್ದ ಯಾಗ್ಯು ಮುನೆನೊರಿಗೆ ಅವನು ಬರೆದ ಪತ್ರ ಇವತ್ತಿಗೂ ಉಳಿದಿದೆ. ಅದರ ತಿರುಳು ಒಂದೇ: ಮನಸ್ಸು ಎಲ್ಲೂ ನಿಲ್ಲಬಾರದು. ಎದುರಾಳಿಯ ಕತ್ತಿಯ ಮೇಲೆ ನಿಂತರೆ ಕತ್ತಿ ನಿಮ್ಮನ್ನು ಹಿಡಿಯಿತು. ನಿಮ್ಮ ಕತ್ತಿಯ ಮೇಲೆ ನಿಂತರೆ ಅದೂ ಅಷ್ಟೇ. ಗೆಲ್ಲಬೇಕು ಎಂಬುದರ ಮೇಲೆ ನಿಂತರಂತೂ ಮುಗಿದೇ ಹೋಯಿತು. ಬೌದ್ಧರ ಕರುಣಾಮೂರ್ತಿ, ಸಾವಿರ ಕೈಗಳ ಅವಲೋಕಿತೇಶ್ವರನ ಉದಾಹರಣೆ ಕೊಡುತ್ತಾನೆ. ಬಿಲ್ಲು ಹಿಡಿದ ಒಂದು ಕೈಯಲ್ಲಿ ಮನಸ್ಸು ನಿಂತರೆ ಉಳಿದ 999 ಕೈಗಳು ಇದ್ದೂ ದಂಡ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಮಾತು. ಹೊಕ್ಕಳ ಕೆಳಗೆ ಮನಸ್ಸಿಡಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ ಅಲ್ವಾ? ಅಲ್ಲಿಟ್ಟರೆ ಅಲ್ಲೇ ಕಟ್ಟಿಬೀಳುತ್ತದೆ, ಎಲ್ಲೂ ಇಡದಿದ್ದರೆ ಮೈತುಂಬ ಹರಡಿಕೊಳ್ಳುತ್ತದೆ ಅನ್ನುತ್ತಾನೆ ತಕುವಾನ್. ಹೊಸಬನ ಬಗ್ಗೆಯೂ ಬರೆದಿದ್ದಾನೆ. ಏನೂ ಗೊತ್ತಿಲ್ಲದವನ ಮನಸ್ಸು ಎಲ್ಲೂ ನಿಲ್ಲುವುದಿಲ್ಲ, ಹೊಡೆದರೆ ಸುಮ್ನೆ ಕೈ ಅಡ್ಡ ತರುತ್ತಾನೆ. ನಿಲುವು, ಹಿಡಿತ ಅಂತ ಕಲಿಯತೊಡಗಿದ ಮೇಲೆ ಮನಸ್ಸು ನೂರು ಕಡೆ ಸಿಕ್ಕಿಕೊಳ್ಳುತ್ತದೆ, ಆಟ ಮೊದಲಿಗಿಂತ ಕೆಡುತ್ತದೆ. ಬಹಳ ವರ್ಷ ಪಳಗಿದ ಮೇಲೆ ಮತ್ತೆ ಹೊಸಬನ ಹಾಗೆ ಆಗುತ್ತಾನೆ. ಕಪ್ಪು ಬೆಲ್ಟಿಗೆ ಒಂದು ಮೆಟ್ಟಿಲು ಕೆಳಗಿನ ಕಂದು ಬೆಲ್ಟಿನ ಹುಡುಗರನ್ನು ನೋಡಿದಾಗಲೆಲ್ಲ ನನಗೆ ನಡುವಿನ ಆ ಹಂತ ನೆನಪಾಗುತ್ತದೆ.

ಇಷ್ಟು ಹೇಳಿದ ಮೇಲೂ ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ 'ಇಲ್ಲ' ಎಂಬುದೇ. ಕರಾಟೆ ಒಂದರಿಂದಲೇ ಜ್ಞಾನೋದಯ ಆಗುವುದಿಲ್ಲ.

ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ವರಸೆಗಳ ಸರಣಿಗೆ ಕಟಾ ಅನ್ನುತ್ತಾರೆ. ಅದನ್ನು ಮಾಡುವಾಗ ಕೆಲವೊಮ್ಮೆ 'ನಾನು' ಎಂಬುದೇ ಕರಗಿ ಹೋದಂತೆ ಆಗುತ್ತದೆ. ನಿಮಗೂ ಆಗಿರಬಹುದು. ತುಂಬ ಜನ ಇದನ್ನೇ ಜ್ಞಾನೋದಯದ ರುಚಿ ಅಂದುಕೊಳ್ಳುತ್ತಾರೆ. ಅದು ಏಕಾಗ್ರತೆ. ಸಿದ್ಧಾರ್ಥ ಮನೆ ಬಿಟ್ಟ ಮೇಲೆ ಆಲಾರ ಕಾಲಾಮ, ಉದ್ದಕ ರಾಮಪುತ್ತ ಎಂಬ ಇಬ್ಬರು ಗುರುಗಳ ಹತ್ತಿರ ಇದಕ್ಕಿಂತ ಎಷ್ಟೋ ಆಳದ ಸಮಾಧಿ ಕಲಿತ. ಆಲಾರ ಅವನನ್ನು ತನ್ನ ಸಮಕ್ಕೆ ಕೂರಿಸಿಕೊಂಡ, ಉದ್ದಕ ಗುರುವಿನ ಸ್ಥಾನವನ್ನೇ ಕೊಟ್ಟ. ಆದರೂ ಇದಲ್ಲ ಅಂತ ಬಿಟ್ಟು ಎದ್ದ. ಸಮಾಧಿಯಿಂದ ಹೊರಬಂದ ಮೇಲೆ ಆಸೆ, ದ್ವೇಷ, ಮೋಹ ಇದ್ದಲ್ಲೇ ಇದ್ದರೆ ಕೆಲಸ ಆಗಿಲ್ಲ ಎಂದೇ ಲೆಕ್ಕ. ಇನ್ನೊಂದು ತೊಡಕು ಅಹಂಕಾರದ್ದು. ಬೌದ್ಧರು ಮನುಷ್ಯನನ್ನು ಕಟ್ಟಿಹಾಕುವ ಹತ್ತು ಸಂಕೋಲೆಗಳನ್ನು ಹೇಳುತ್ತಾರೆ. ಅದರಲ್ಲಿ 'ಮಾನ', ಅಂದರೆ ನಾನು ಹೆಚ್ಚು, ನಾನು ಕಡಿಮೆ, ನಾನು ಸಮ ಎಂಬ ಅಳತೆ, ಕೊನೆಯ ಹಂತದವರೆಗೂ ಕಳಚುವುದಿಲ್ಲ. ಬೆಲ್ಟಿನ ಬಣ್ಣದಿಂದ ಜನರನ್ನು ಸಾಲಾಗಿ ನಿಲ್ಲಿಸುವ ಜಾಗದಲ್ಲಿ ಅದು ಕರಗುವುದಕ್ಕಿಂತ ಬೆಳೆಯುವುದೇ ಜಾಸ್ತಿ.

ಮನಸ್ಸು ನಿಲ್ಲಬಾರದು ಎಂಬ ಪಾಠದಲ್ಲೂ ಅಪಾಯ ಇದೆ. ಹಿಂಜರಿಕೆ ಹೋದ ಮೇಲೆ ಆ ಕೈ ಯಾರ ಮೇಲೆ ಬೀಳಬೇಕು ಎಂಬುದನ್ನು ಆ ಪಾಠ ಹೇಳುವುದಿಲ್ಲ. ಜಪಾನಿನಲ್ಲಿ ಬಿಲ್ಲುಗಾರಿಕೆ ಕಲಿತು, ಅದನ್ನೇ ಝೆನ್ ಸಾಧನೆ ಅಂತ ಬರೆದು ಜಗತ್ತಿಗೆಲ್ಲ ಹೆಸರಾದ ಜರ್ಮನ್ ಪ್ರಾಧ್ಯಾಪಕ ಯೂಗೆನ್ ಹೆರಿಗೆಲ್ 1937ರಲ್ಲಿ ನಾಟ್ಸಿ ಪಕ್ಷ ಸೇರಿದ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಝೆನ್ ಪಂಥಗಳೇ ಸೈನ್ಯಕ್ಕೆ ಬೆನ್ನೆಲುಬಾದವು. ಅವುಗಳಲ್ಲೊಂದಾದ ಸೋಟೊ ಪಂಥ 1992ರಲ್ಲಿ ಅದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿತು. ಅದಕ್ಕೇ ಶೀಲ (ನಡತೆಯ ನಿಯಮ) ಮೊದಲು, ಸಮಾಧಿ ಆಮೇಲೆ, ಪ್ರಜ್ಞೆ (ಇದ್ದದ್ದನ್ನು ಇದ್ದ ಹಾಗೆ ಕಾಣುವ ಅರಿವು) ಜೊತೆಗೆ ಅಂತ ಹಳೆಯವರು ಕಟ್ಟಿದ್ದು. ಕೊಲ್ಲಬಾರದು, ಕದಿಯಬಾರದು ಮುಂತಾದ ಪಂಚಶೀಲ ಬದಿಗಿಟ್ಟು ಬರೀ ಮನಸ್ಸು ಹರಿತ ಮಾಡಿಕೊಂಡವರ ಬಗ್ಗೆ ನನಗೆ ಭಯವೇ ಜಾಸ್ತಿ.

ಯಾವ ಕಲೆ 'ಹೆಚ್ಚು ಬೌದ್ಧ' ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ಜಪಾನಿನ ಐಕಿಡೊದ ಅಧ್ಯಾತ್ಮ ಬಂದದ್ದು ಅಲ್ಲಿನ ಹಳೆಯ ಧರ್ಮವಾದ ಶಿಂಟೊ ಮೂಲದ ಓಮೊಟೊ ಪಂಥದಿಂದ. ಚೀನಾದ ತಾಯ್ ಚಿಯ ವಿಚಾರವೆಲ್ಲ ತಾವೋ ಕಡೆಯದು. ನೇರ ಬೌದ್ಧ ನಂಟು ಬೇಕೆಂದರೆ 1947ರಲ್ಲಿ ಜಪಾನಿನಲ್ಲಿ ಶುರುವಾದ ಶೋರಿಂಜಿ ಕೆಂಪೊ ಇದೆ, ಕೊರಿಯಾದ ಗೊಲ್ಗುಲ್ಸಾ ವಿಹಾರದಲ್ಲಿ ಕಲಿಸುವ ಸುನ್ಮುಡೊ ಇದೆ. ಆದರೆ ಅದಕ್ಕಾಗಿ ನಿಮ್ಮ ಕರಾಟೆ ಬಿಡಬೇಕಾಗಿಲ್ಲ. ಕಲಿಸುವವರು ಸಿಟ್ಟು ಮಾಡಿಕೊಂಡಾಗ ಹೇಗಿರುತ್ತಾರೆ, ಹೊಸಬರಿಗೆ ಪೆಟ್ಟಾದಾಗ ಏನು ಮಾಡುತ್ತಾರೆ ನೋಡಿ. ಕಲೆಯ ಹೆಸರಿಗಿಂತ ಅದು ಹೆಚ್ಚು ಹೇಳುತ್ತದೆ.

ಧ್ಯಾನಕ್ಕೆ ಕೂರುವುದನ್ನು ಮಾತ್ರ ಧ್ಯಾನವನ್ನೇ ಕಲಿಸುವವರ ಹತ್ತಿರ ಕಲಿಯಿರಿ. ಕ್ಲಾಸಿನ ಮೊದಲು ಮತ್ತು ಕೊನೆಗೆ ಕಣ್ಣು ಮುಚ್ಚಿ ಕೂರಿಸುವ ಒಂದೆರಡು ನಿಮಿಷ ಸಾಲದು, ಅಷ್ಟರಲ್ಲಿ ಉಸಿರೂ ಹದಕ್ಕೆ ಬಂದಿರುವುದಿಲ್ಲ. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ, ಶುಲ್ಕ ಇಲ್ಲ. ಮಾತಿಲ್ಲ, ಫೋನಿಲ್ಲ, ಶುರುವಿನಲ್ಲೇ ಶೀಲ ತೆಗೆದುಕೊಳ್ಳಬೇಕು. ಹೋಗುವುದಾದರೆ ಒಂದು ವಿಷಯ ಮೊದಲೇ ಗೊತ್ತಿರಲಿ: ಆ ಹತ್ತು ದಿನ ನಡಿಗೆ ಬಿಟ್ಟು ಬೇರೆ ಯಾವ ವ್ಯಾಯಾಮಕ್ಕೂ ಅಲ್ಲಿ ಅವಕಾಶ ಇಲ್ಲ, ಕಟಾಕ್ಕೂ ಇಲ್ಲ.