ಮಂಕು ನೀಹಾರಿಕೆಗೆ ದೊಡ್ಡ ದೂರದರ್ಶಕ ಬೇಕೆ?

ಪ್ರಶ್ನೆ: ಮನೆಯ ತಾರಸಿಯಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ 135 ಮಿ.ಮೀ. ಲೆನ್ಸ್ ಹಾಕಿ, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಮೇಲಿಟ್ಟು ರೊಸೆಟ್ ನೀಹಾರಿಕೆಯನ್ನು (ಬಾಹ್ಯಾಕಾಶದ ಅನಿಲ, ಧೂಳಿನ ಮೋಡ) ಒಂದು ಗಂಟೆ ಚಿತ್ರಿಸಿದೆ. ನಕ್ಷತ್ರಗಳು ಸ್ಪಷ್ಟವಾಗಿವೆ, ನೀಹಾರಿಕೆ ಮಾತ್ರ ಬೂದು ಕಲೆಯಂತೆ ಬಂದಿದೆ. ದೊಡ್ಡ ದೂರದರ್ಶಕ ಕೊಳ್ಳಬೇಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಈಗಲೇ ಬೇಡ. ಆಕಾಶದಲ್ಲಿ ರೊಸೆಟ್ ಹುಣ್ಣಿಮೆ ಚಂದ್ರನ ಎರಡರಷ್ಟಕ್ಕಿಂತಲೂ ಅಗಲವಾಗಿರುವುದರಿಂದ ನಿಮ್ಮ ಲೆನ್ಸೇ ಸಾಕು. ನಾಭಿದೂರ ಹೆಚ್ಚಿರುವ, ಅಂದರೆ ಆಕಾಶದ ಸಣ್ಣ ಭಾಗವನ್ನಷ್ಟೇ ಹಿಗ್ಗಿಸಿ ತೋರಿಸುವ ದೂರದರ್ಶಕದಲ್ಲಿ ಅದು ಚೌಕಟ್ಟಿಗೇ ಹಿಡಿಸದೆ ಹೋಗಬಹುದು. ತೊಡಕಿರುವುದು ಕ್ಯಾಮೆರಾದಲ್ಲಿ ಮತ್ತು ಊರಿನ ಬೆಳಕಿನಲ್ಲಿ.

ಈ ನೀಹಾರಿಕೆಯ ಕೆಂಪು ಬಹುಮಟ್ಟಿಗೆ ಹೈಡ್ರೋಜನ್ ಅನಿಲ 656.3 ನ್ಯಾನೋಮೀಟರ್ ತರಂಗಾಂತರದಲ್ಲಿ ಹೊಮ್ಮಿಸುವ ಎಚ್-ಆಲ್ಫಾ ಬೆಳಕು. ಚಿತ್ರದಲ್ಲಿ ಬಣ್ಣಗಳು ಕಣ್ಣಿಗೆ ಕಂಡಂತೆಯೇ ಬರಲೆಂದು ತಯಾರಕರು ಬೆಳಕನ್ನು ಗ್ರಹಿಸುವ ಸಂವೇದಕದ ಮುಂದೆ ಕೂರಿಸುವ ಫಿಲ್ಟರ್ ಇದೇ ಬೆಳಕಿನ ಹೆಚ್ಚಿನ ಪಾಲನ್ನು ತಡೆದುಬಿಡುತ್ತದೆ. ಅದನ್ನು ತೆಗೆದು ಎಚ್-ಆಲ್ಫಾ ಬಿಡುವ ಫಿಲ್ಟರ್ ಹಾಕಿಸಿಕೊಳ್ಳಬಹುದು, ಹಣ ಖರ್ಚು ಮಾಡುವುದೇ ಆದರೆ ಮೊದಲು ಇದಕ್ಕೆ ಮಾಡಿ ಎಂಬುದು ನನ್ನ ಅಭಿಪ್ರಾಯ. ಆದರೆ ಮನೆಯ ಮದುವೆಗೂ ಅದೇ ಕ್ಯಾಮೆರಾ ಒಯ್ಯುವವರಾದರೆ ಎರಡು ಬಾರಿ ಯೋಚಿಸಿ, ಆಮೇಲೆ ಎಲ್ಲರ ಮುಖವೂ ಕೆಂಪಗೆ ಬರುತ್ತದೆ.

ಹಳೆಯ ಸೋಡಿಯಂ ಬೀದಿದೀಪಗಳ ಬೆಳಕು ಹೆಚ್ಚಾಗಿ ಹಳದಿಯ ಆಸುಪಾಸಿನಲ್ಲೇ ಇದ್ದುದರಿಂದ ಸೋಸುವುದು ಸುಲಭವಿತ್ತು. ಎಲ್‌ಇಡಿ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿರುತ್ತದೆ. ಆದ್ದರಿಂದ ತಾರಸಿಯಿಂದಲೇ ಚಿತ್ರಿಸುವವರಿಗೆ ಎಚ್-ಆಲ್ಫಾ ಮತ್ತು ಆಮ್ಲಜನಕದ 500.7 ನ್ಯಾನೋಮೀಟರ್ ಬೆಳಕನ್ನಷ್ಟೇ ಒಳಬಿಡುವ ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಉಪಯುಕ್ತ. ಕೃತ್ತಿಕೆಯನ್ನು ಸುತ್ತಿದ ನೀಲಿ ನೀಹಾರಿಕೆಗೆ ಅದು ನಿರುಪಯೋಗಿ, ಏಕೆಂದರೆ ಅಲ್ಲಿ ಕಾಣುವುದು ಧೂಳು ಚದುರಿಸಿದ ನಕ್ಷತ್ರದ ಬೆಳಕೇ, ಅದು ಈ ಎರಡು ತರಂಗಾಂತರಗಳಿಗೆ ಸೀಮಿತವಲ್ಲ. ಅಂಥವಕ್ಕೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮೇಲುಕೋಟೆಯ ಕಡೆ, ದೀಪಗಳಿಂದ ದೂರವಿರುವ ಜಾಗ ಹುಡುಕಿಕೊಳ್ಳಬೇಕು.

ಇನ್ನು, ಒಂದು ಗಂಟೆ ಬಹಳ ಕಡಿಮೆ. ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿದಾಗ ನೀಹಾರಿಕೆಯ ಬೆಳಕು ಕಾಲಕ್ಕೆ ತಕ್ಕಂತೆ ಕೂಡುತ್ತದೆ, ಚಿತ್ರದಲ್ಲಿ ಕಾಣುವ ಕಾಳುಕಾಳಾದ ಗದ್ದಲ (ನಾಯ್ಸ್) ಮಾತ್ರ ಕಾಲದ ವರ್ಗಮೂಲದಷ್ಟೇ ಏರುತ್ತದೆ. ಹಾಗಾಗಿ ಸ್ಪಷ್ಟತೆ ಇಮ್ಮಡಿಯಾಗಲು ನಾಲ್ಕು ಗಂಟೆ ಬೇಕು. ಒಂದೇ ರಾತ್ರಿ ಮುಗಿಸಬೇಕೆಂದೇನೂ ಇಲ್ಲ, ಹಲವು ರಾತ್ರಿಗಳ ಚಿತ್ರಗಳನ್ನು ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಒಟ್ಟುಗೂಡಿಸಬಹುದು. ಜನವರಿಯಲ್ಲಿ ನಡುರಾತ್ರಿಗೆ ಸ್ವಲ್ಪ ಮುಂಚೆ ರೊಸೆಟ್ ನಮ್ಮ ನೆತ್ತಿಗೆ ಹತ್ತಿರವಿರುತ್ತದೆ. ಅದರ ಹಿಂದಿನ ಮುಂದಿನ ಎರಡೆರಡು ಗಂಟೆಗಳನ್ನು ಬಳಸಿಕೊಳ್ಳಿ. ಗದ್ದೆ, ನಾಲೆಗಳ ಸೀಮೆಯಾದ್ದರಿಂದ ಆ ಹೊತ್ತಿಗೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಯುಎಸ್‌ಬಿಯಿಂದ ಬಿಸಿಯಾಗುವ ಪಟ್ಟಿಯೊಂದನ್ನು ಲೆನ್ಸಿಗೆ ಸುತ್ತಿಯೇ ಕೆಲಸ ಆರಂಭಿಸಿ.