ದೇವರು ಮೊದಲೇ ಆರಿಸಿದ್ದರೆ ಅಮ್ಮ ಯಾಕೆ ಪ್ರಾರ್ಥಿಸಬೇಕು?

ಪ್ರಶ್ನೆ: ನಾವು ಬೆಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯವರು. ನನ್ನ ತಮ್ಮ ಕೆಲವು ವರ್ಷಗಳಿಂದ ದೇವಾಲಯದ ಕಡೆ ತಲೆ ಹಾಕಿಲ್ಲ. ಅಮ್ಮ ದಿನವೂ ಅವನಿಗಾಗಿ ಪ್ರಾರ್ಥಿಸುತ್ತಾರೆ. ಬೇರೆ ಸಭೆಗೆ ಹೋಗುವ ಸ್ನೇಹಿತರೊಬ್ಬರು, "ರಕ್ಷಣೆ ಹೊಂದುವವರನ್ನು ದೇವರು ಲೋಕ ಹುಟ್ಟುವ ಮೊದಲೇ ಆರಿಸಿದ್ದಾನೆ, ನಿಮ್ಮ ತಮ್ಮ ಅವರಲ್ಲಿಲ್ಲದಿದ್ದರೆ ಪ್ರಾರ್ಥಿಸಿ ಏನೂ ಪ್ರಯೋಜನವಿಲ್ಲ" ಎಂದರು. ನಮ್ಮ ಸಭಾಪಾಲಕರು ಎಲ್ಲವೂ ಮನುಷ್ಯನ ಆಯ್ಕೆಗೇ ಬಿಟ್ಟದ್ದು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಸ್ನೇಹಿತರ ಮಾತಿನ ಮೊದಲರ್ಧಕ್ಕೆ ಸತ್ಯವೇದದಲ್ಲಿ ಆಧಾರವಿದೆ, ಎರಡನೆಯ ಅರ್ಧಕ್ಕೆ ಇಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯವೂ ರೋಮಾಪುರದವರಿಗೆ ಬರೆದ ಪತ್ರಿಕೆಯ 8 ಮತ್ತು 9ನೆಯ ಅಧ್ಯಾಯಗಳೂ ದೇವರ ಆಯ್ಕೆಯನ್ನು ಮರೆಮಾಚದೆ ಹೇಳುತ್ತವೆ. ಹೀಗಾಗಿ ಆಯ್ಕೆ ಇದೆಯೋ ಇಲ್ಲವೋ ಎಂಬುದರ ಬಗ್ಗೆ ಸಭೆಯಲ್ಲಿ ಹೆಚ್ಚು ಜಗಳವಾದದ್ದಿಲ್ಲ. ಅದು ಯಾವುದರ ಮೇಲೆ ನಿಂತಿದೆ ಎಂಬುದೇ ಜಗಳದ ಮೂಲ.

ಮನುಷ್ಯನು ತನ್ನ ಬಲದಿಂದಲೇ ದೇವರಿಗೆ ವಿಧೇಯನಾಗಬಲ್ಲನೆಂದ ಪೆಲಾಗಿಯಸ್‌ನನ್ನು ಬಿಷಪ್ ಅಗಸ್ಟೀನನು 5ನೆಯ ಶತಮಾನದಲ್ಲಿ ವಿರೋಧಿಸಿದನು. 529ರಲ್ಲಿ ಇಂದಿನ ಫ್ರಾನ್ಸಿನ ಆರೆಂಜ್‌ನಲ್ಲಿ ಸೇರಿದ ಸಭಾಮಂಡಳಿಯು ನಂಬಿಕೆಯ ಮೊದಲ ಚಿಗುರೂ ಕೃಪೆಯಿಂದಲೇ ಎಂದು ತೀರ್ಮಾನಿಸಿತು. ಅದೇ ಉಸಿರಿನಲ್ಲಿ, ದೇವರು ಕೆಲವರನ್ನು ಕೆಡುಕಿಗೆ ನೇಮಿಸಿದ್ದಾನೆಂಬ ಮಾತನ್ನು ಖಂಡಿಸಿತು. ಸಾವಿರ ವರ್ಷಗಳ ಮೇಲೆ, ಜಿನೀವಾದ ಸಭಾಸುಧಾರಕ ಕಾಲ್ವಿನ್ ದೇವರ ಆಯ್ಕೆಗೆ ಮನುಷ್ಯನಲ್ಲಿರುವ ಯಾವುದೂ ಕಾರಣವಲ್ಲ ಎಂದು ಕಲಿಸಿದನು. ಯಾರು ನಂಬುವರೆಂಬುದನ್ನು ದೇವರು ಮುಂದಾಗಿ ತಿಳಿದು ಆರಿಸಿದ್ದಾನೆ ಎಂಬುದು ಹಾಲೆಂಡಿನ ದೇವಶಾಸ್ತ್ರಜ್ಞ ಆರ್ಮಿನಿಯಸ್‌ನ ಶಿಷ್ಯರು 1610ರಲ್ಲಿ ಮುಂದಿಟ್ಟ ವಾದ. ಹಾಲೆಂಡಿನ ಡಾರ್ಟ್‌ನಲ್ಲಿ 1618–19ರಲ್ಲಿ ನಡೆದ ಸಿನೊಡ್ (ಸಭಾಮಂಡಳಿ) ಅದನ್ನು ತಳ್ಳಿಹಾಕಿತು. ಆದರೂ ವಾದ ಮುಗಿಯಲಿಲ್ಲ: 1739ರಲ್ಲಿ ಮೆಥಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಪೂರ್ವನೇಮಕದ (ದೇವರು ಮೊದಲೇ ಆರಿಸಿ ನೇಮಿಸಿದ್ದಾನೆಂಬ ಬೋಧನೆಯ) ವಿರುದ್ಧ ಪ್ರಸಂಗ ಮಾಡಿದಾಗ, ಜೊತೆಗೇ ಸುವಾರ್ತೆ ಸಾರುತ್ತಿದ್ದ ಜಾರ್ಜ್ ವೈಟ್‌ಫೀಲ್ಡ್‌ನೊಂದಿಗೆ ಅವನ ಸ್ನೇಹಕ್ಕೇ ಪೆಟ್ಟು ಬಿದ್ದಿತು.

ಇದನ್ನು ಹೇಳಲು ಕಾರಣವಿದೆ. 1947ರಲ್ಲಿ ರೂಪುಗೊಂಡ ಸಿ.ಎಸ್.ಐ.ಗೆ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರೆಗೇಷನಲ್ ಪರಂಪರೆಗಳು ಬಂದು ಸೇರಿದವು. ಕಾಲ್ವಿನ್‌ನ ವಾರಸುದಾರರಾದ ಪ್ರೆಸ್ಬಿಟೀರಿಯನ್, ಕಾಂಗ್ರೆಗೇಷನಲ್ ಜನರೂ ವೆಸ್ಲಿಯ ವಾರಸುದಾರರಾದ ಮೆಥಡಿಸ್ಟರೂ ಒಂದೇ ಬೆಂಚಿನಲ್ಲಿ ಕುಳಿತರು. ನಿಮ್ಮ ಸಭಾಪಾಲಕರ ಮಾತು ವೆಸ್ಲಿಯ ಧಾಟಿಯದು, ಆದರೆ ವೆಸ್ಲಿಯೂ ಅಷ್ಟು ದೂರ ಹೋಗುತ್ತಿರಲಿಲ್ಲ. ಮನುಷ್ಯನ ಚಿತ್ತ ದೇವರ ಕಡೆಗೆ ಹೊರಳಬೇಕಾದರೆ ಕೃಪೆಯೇ ಮೊದಲು ಬಂದು ಅದನ್ನು ಎಬ್ಬಿಸಬೇಕೆಂದು ಅವನೂ ಒಪ್ಪುತ್ತಿದ್ದನು.

ಈಗ ನಿಮ್ಮ ತಾಯಿಯ ಪ್ರಾರ್ಥನೆಯ ವಿಷಯ. ಯಾಕೋಬ–ಏಸಾವರ ಆಯ್ಕೆಯನ್ನೂ ಕುಂಬಾರ–ಮಣ್ಣಿನ ಹೋಲಿಕೆಯನ್ನೂ ಬರೆದ ಪೌಲನು, ರೋಮಾಪುರದವರಿಗೆ ಬರೆದ ಪತ್ರಿಕೆಯ ಆ 9ನೆಯ ಅಧ್ಯಾಯವನ್ನು ತನ್ನ ಸ್ವಜನರ ಬಗೆಗಿನ ತೀರದ ದುಃಖದಿಂದ ಆರಂಭಿಸುತ್ತಾನೆ. ಅದು ಮುಗಿಯುತ್ತಲೇ, 10ನೆಯ ಅಧ್ಯಾಯದ ಮೊದಲ ವಚನದಲ್ಲಿ, ಅವರ ರಕ್ಷಣೆಗಾಗಿ ದೇವರಿಗೆ ಮೊರೆಯಿಡುತ್ತೇನೆ ಎನ್ನುತ್ತಾನೆ. ನಿಮ್ಮ ಸ್ನೇಹಿತರು 9ನೆಯ ಅಧ್ಯಾಯದ ಕೊನೆಯಲ್ಲೇ ಪುಸ್ತಕ ಮುಚ್ಚಿದಂತಿದೆ. ಕಾಲ್ವಿನ್‌ನ ಪ್ರಧಾನ ಗ್ರಂಥದ 1559ರ ಆವೃತ್ತಿಯಲ್ಲೂ ಇಂಥದೇ ಕ್ರಮ ಕಾಣುತ್ತದೆ: ಮೂರನೆಯ ಭಾಗದ 20ನೆಯ ಅಧ್ಯಾಯ ಪ್ರಾರ್ಥನೆಯನ್ನು ಕುರಿತದ್ದು, ಬಹಳ ದೀರ್ಘವಾದದ್ದು, ಪೂರ್ವನೇಮಕದ ಚರ್ಚೆ ಅದರ ಬೆನ್ನಿಗೇ, 21ನೆಯ ಅಧ್ಯಾಯದಲ್ಲಿ ಆರಂಭವಾಗುತ್ತದೆ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಕೈಬಿಡಬೇಕೆಂದು ಅವನಿಗೆ ಅನಿಸಿರಲಿಲ್ಲ.

ಕಾಲ್ವಿನ್‌ನ ಪರಂಪರೆಯದೇ ಆದ, ನಂಬಿಕೆಯ ವಿಷಯಗಳನ್ನು ಕ್ರಮವಾಗಿ ನಿರೂಪಿಸುವ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಇದರ ತರ್ಕವನ್ನು ಬಿಡಿಸಿ ಹೇಳುತ್ತದೆ. ದೇವರು ಗುರಿಯನ್ನು ಮಾತ್ರವಲ್ಲದೆ ಅದಕ್ಕೆ ಒಯ್ಯುವ ಸಾಧನಗಳನ್ನೂ ನೇಮಿಸಿದ್ದಾನೆ. ಹಾಗೆ ನೇಮಿಸಿದ್ದರಿಂದ ಮನುಷ್ಯರ ಚಿತ್ತಕ್ಕೆ ಬಲಾತ್ಕಾರವಾಗುವುದಿಲ್ಲ. ಹಣೆಬರಹದ ಕಲ್ಪನೆಗೂ ಇದಕ್ಕೂ ಇರುವ ಅಂತರ ಇಲ್ಲಿದೆ: ಹಣೆಬರಹವನ್ನು ನಂಬಿದವನಿಗೆ ಏನು ಮಾಡಿದರೂ ಆಗುವುದೇ ಆಗುತ್ತದೆ, ಇಲ್ಲಿಯಾದರೋ ಅಮ್ಮನ ಪ್ರಾರ್ಥನೆಯೇ ಆ ಸಂಕಲ್ಪದೊಳಗಿನ ಒಂದು ಸಾಧನವಾಗಿರಬಹುದು. "ಈ ಪಟ್ಟಣದಲ್ಲಿ ನನ್ನ ಜನರು ಬಹಳ ಮಂದಿ ಇದ್ದಾರೆ" ಎಂಬ ದರ್ಶನದ ಮಾತನ್ನು ಕೇಳಿದ ಪೌಲನು, ಹಾಗಾದರೆ ನನ್ನ ಕೆಲಸವೇನೆಂದು ಕೊರಿಂಥವನ್ನು ಬಿಡಲಿಲ್ಲ. ಒಂದೂವರೆ ವರ್ಷ ಅಲ್ಲೇ ನಿಂತು ಬೋಧಿಸಿದನು.

ಇಷ್ಟಾದರೂ ಕಷ್ಟ ಪೂರ್ತಿ ಕಳೆಯುವುದಿಲ್ಲ. ನನ್ನ ಒಲವು ಕಾಲ್ವಿನ್‌ನ ಕಡೆಗಿದೆ. ಆದರೆ ದೇವರು ಆರಿಸದೆ ಬಿಟ್ಟು ತಿರಸ್ಕಾರಕ್ಕೆ ಗುರಿಯಾದವರ ಬಗ್ಗೆ ಬರೆಯುವಾಗ ಇದು ಭೀಕರವಾದ ತೀರ್ಪೆಂದು ಅವನೇ ಒಪ್ಪಿಕೊಂಡಿದ್ದಾನೆ. ಎಲ್ಲಾ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದು ದೇವರ ಚಿತ್ತ ಎಂಬ ಮಾತು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿದೆ, ವೆಸ್ಲಿಯ ಪಕ್ಷದವರು ಅದನ್ನು ತೋರಿಸಿದಾಗ ನಮ್ಮವರು ಕೊಡುವ ವಿವರಣೆಗಳು ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಮಾತ್ರ ಖಚಿತ: ಯಾರು ಆರಿಸಲ್ಪಟ್ಟಿಲ್ಲವೆಂದು ಬದುಕಿರುವವರ ಪಟ್ಟಿ ಮಾಡುವ ಅಧಿಕಾರವನ್ನು ಡಾರ್ಟ್‌ನ ನಿರ್ಣಯಗಳೂ ಯಾರಿಗೂ ಕೊಟ್ಟಿಲ್ಲ. ತಮ್ಮಲ್ಲಿ ಜೀವಂತ ನಂಬಿಕೆಯ ಭರವಸೆಯನ್ನು ಇನ್ನೂ ಬಲವಾಗಿ ಕಾಣದವರು ಹೆದರದೆ, ದೇವರು ಕೊಟ್ಟ ಸಾಧನಗಳನ್ನು ಶ್ರದ್ಧೆಯಿಂದ ಬಳಸುತ್ತಿರಲಿ ಎಂದೇ ಅವು ಬುದ್ಧಿ ಹೇಳುತ್ತವೆ.

ಆ ಸಾಧನಗಳಲ್ಲಿ ಪ್ರಾರ್ಥನೆಯೊಂದೇ ಸೇರಿಲ್ಲ. ದೇವಾಲಯಕ್ಕೆ ಯಾಕೆ ಬರುತ್ತಿಲ್ಲವೆಂದು ನಿಮ್ಮ ತಮ್ಮನನ್ನೇ ಯಾರಾದರೂ ಕುಳಿತು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪ ಕಾಣಲಿಲ್ಲ.